ಗಾಜಿಗೆ ಬಿಟ್ಟ ಜಾಗ

ಮಾರ್ಚ್ 3, ಭಾನುವಾರ, ಬೆಳಿಗ್ಗೆ 9.40

ಪಾರ್ಕಿನಿಂದ ಈಗ ಬಂದೆ. ಎರಡು ಗಂಟೆ, 412 ಫೋಟೊ. ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಅಳಿಸೋಕೆ ಕೂತೆ. ಉಳಿದದ್ದು ಒಂಬತ್ತು. ಒಂಬತ್ತರಲ್ಲೂ ಅದೇ ಪಾರಿವಾಳ — ರೆಕ್ಕೆ ಚೂರು ಮೇಲೆ, ಚೂರು ಕೆಳಗೆ.

ಇವರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಒಂದೇ ಫೋಟೊನ ಒಂಬತ್ತು ಸಲ ಇಟ್ಕೊಂಡಿದ್ದೀಯಲ್ಲ?"

ಲಿಫ್ಟ್ ಮೆಕ್ಯಾನಿಕ್ ಗಂಡನಿಗೆ ಮೇಲೂ ಒಂದೇ, ಕೆಳಗೂ ಒಂದೇ.

ಆದರೂ ಈ ಡಿಜಿಟಲ್ ಕ್ಯಾಮೆರಾ ಅಂದ್ರೆ ಜೀವ. ಕೈಯಲ್ಲಿ ಕೂರುವ ರೀತಿ, ಬೆರಳು ಅರ್ಧ ಒತ್ತಿದ ಕೂಡಲೇ ಫೋಕಸ್ ಬಂದು ಕಚ್ಚಿಕೊಳ್ಳುವ ರೀತಿ... ನನ್ನ ಕಣ್ಣಿಗೆ ಬರೀ ಕಪ್ಪು ಕಾಣೋ ಕಡೆ ಅದಕ್ಕೆ ಏನೋ ಸಿಗುತ್ತೆ. ಹದಿನೆಂಟು ವರ್ಷದಿಂದ ಆಸ್ಪತ್ರೆಯ ಎಕ್ಸ್‌ರೇ ರೂಮು. ಅಲ್ಲೂ ಇದೇ ಕೆಲಸ — "ಉಸಿರು ಹಿಡೀರಿ... ಬಿಡಿ." ಅಲ್ಲಿ ಮೂಳೆ, ಇಲ್ಲಿ ಪಾರಿವಾಳ.

ಮಧ್ಯಾಹ್ನ ಹಳೇ ಕ್ಯಾಮೆರಾದ ಫಿಲ್ಮ್ ರೋಲ್ ಒಂದು ತೊಳೆಯೋದಿದೆ. ಅಂದ್ರೆ ಬಚ್ಚಲುಮನೆ ಒಂದು ಗಂಟೆ ನನ್ನದು. ಅಂದ್ರೆ ಅತ್ತೆ ಜೊತೆ ಜಟಾಪಟಿ.

ಅದೇ ದಿನ, ಸಂಜೆ 5

ಆಯ್ತು ಜಟಾಪಟಿ. "ಬಚ್ಚಲಲ್ಲಿ ಏನು ಬೇಯಿಸ್ತಿದ್ದೀಯೇ? ವಾಸನೆ ಅಡುಗೆಮನೆ ತನಕ ಬಂತು." ಬಾಗಿಲು ಎರಡು ಸಲ ಬಡಿದರು. ನಾನು ಫಿಲ್ಮ್ ತೊಳೆಯೋ ಡಬ್ಬಿ ಅಲ್ಲಾಡಿಸ್ತಾ ನಿಮಿಷ ಎಣಿಸ್ತಾ ಇದ್ದೆ, ಬಾಯಿ ಬಿಟ್ಟರೆ ಲೆಕ್ಕ ತಪ್ಪುತ್ತೆ. ಮಾತಾಡಲಿಲ್ಲ. ಅದಕ್ಕೂ ಕೋಪ.

ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಬಗ್ಗೆ ಈ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಲ್ಲ. ಇವತ್ತು ಬರೀಬೇಕು. ಯಾಕೆ ಅಂದ್ರೆ —

ನೆಗೆಟಿವ್ ಒಣಗಲಿ ಅಂತ ಬಟ್ಟೆ ಕ್ಲಿಪ್ ಹಾಕಿ ಕಿಟಕಿ ಹತ್ತಿರ ನೇತುಹಾಕಿದ್ದೆ. ಅತ್ತೆ ಟವೆಲ್ ಹಿಡ್ಕೊಂಡು ಬಂದವರು ನಿಂತುಬಿಟ್ಟರು. ನೋಡಿದರು. ಮೇಲಿಂದ ಕೆಳಗಿನ ತನಕ, ಒಂದೊಂದೇ ಚೌಕ.

"ಇದು ಒಳಮೈ ಹೊರಗೆ ಮಾಡಿದ ಬಟ್ಟೆ ಥರ. ಕಪ್ಪಿದ್ದದ್ದು ಬಿಳಿ, ಬಿಳಿ ಇದ್ದದ್ದು ಕಪ್ಪು. ಅಲ್ವಾ?"

ಹೌದು ಅಂದೆ.

"ಇಲ್ಲಿ ನೋಡು. ಈ ಬೆಂಚು ವಾಲಿದೆ. ಇಲ್ಲಿ ಈ ಮರದ ಕೊಂಬೆ ಆ ಮನುಷ್ಯನ ತಲೆಯಿಂದ ಎದ್ದ ಹಾಗಿದೆ. ಇದೊಂದು ಚೆನ್ನಾಗಿದೆ."

ನಮ್ಮ ಫೋಟೊ ಕ್ಲಬ್ಬಿನವರು ಪ್ರಿಂಟ್ ಕೈಗೆ ಕೊಟ್ಟರೂ ಇಷ್ಟು ಹೇಳಲ್ಲ. ಅತ್ತೆ ನೆಗೆಟಿವ್‌ನಲ್ಲೇ ಓದಿದರು. ರೆಡಿಮೇಡ್ ಅಂಗಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದ ಹೆಂಗಸು. ನಲವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸ್ತಿದ್ರಂತೆ, ಒಂದು ಎಳೆ ಆಚೀಚೆ ಆಗದ ಹಾಗೆ. ಈಗ ಅರವತ್ತೊಂಬತ್ತು.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಬಲ ಅರ್ಧ ಮುಖ ಇಳಿದುಹೋಗಿತ್ತು. ನರದ ತೊಂದರೆ. ಮೂರು ತಿಂಗಳಲ್ಲಿ ಸರಿಹೋಗುತ್ತೆ ಅಂದ್ರು ಡಾಕ್ಟರು. ಪೂರ್ತಿ ಹೋಗಲಿಲ್ಲ. ಬಾಯಿ ಎಡಕ್ಕೆ ಎಳೆಯುತ್ತೆ, ಬಲಗಣ್ಣು ಮುಚ್ಚೋಕೆ ಬರಲ್ಲ, ದಿನಕ್ಕೆ ನಾಲ್ಕು ಸಲ ಹನಿ ಹಾಕ್ಕೋಬೇಕು. ಅವತ್ತಿನಿಂದ ಯಾರ ಮನೆ ಕಾರ್ಯಕ್ಕೂ ಹೋಗಿಲ್ಲ. ಊಟಕ್ಕೆ ಕೂತರೂ ಬಲಗೆನ್ನೆ ಗೋಡೆ ಕಡೆ.

ಮಾರ್ಚ್ 12, ಮಂಗಳವಾರ, ಮಧ್ಯಾಹ್ನ, ಎಕ್ಸ್‌ರೇ ರೂಮು

ಬೆಳಿಗ್ಗೆಯಿಂದ ಹತ್ತೊಂಬತ್ತು ಎದೆ, ಏಳು ಮೊಣಕಾಲು. ಊಟದ ಡಬ್ಬಿ ತೆಗೆಯೋ ಮುಂಚೆ ಎರಡು ಸಾಲು.

ಹೊರಡುವಾಗ ಅತ್ತೆ ಕೇಳಿದರು, ಕಾಳು ಆರಿಸ್ತಾ, ತಲೆ ಎತ್ತದೆ: "ಆ ಹಳೇದು ಎಷ್ಟು ಭಾರ ಇದೆ?"

"ಯಾವುದು ಅತ್ತೆ?"

"ಅದೇ. ಕಬ್ಬಿಣದ್ದು."

ಅವರ ಬಾಯಲ್ಲಿ ಡಿಜಿಟಲ್ಲು "ಪ್ಲಾಸ್ಟಿಕ್‌ದು", ಫಿಲ್ಮ್ ಕ್ಯಾಮೆರಾ "ಕಬ್ಬಿಣದ್ದು".

ಮಾರ್ಚ್ 17, ಭಾನುವಾರ, ಬೆಳಿಗ್ಗೆ 11

ಕಬ್ಬಿಣದ್ದನ್ನ ಕೈಗೆ ಕೊಟ್ಟೆ. ಫಿಲ್ಮ್ ಹಾಕಿರಲಿಲ್ಲ. ಮೊದಲು ತಿರುಗಿಸಿ ತಿರುಗಿಸಿ ನೋಡಿದರು, ಹೊಸ ಹೊಲಿಗೆ ಮಿಷನ್ ನೋಡೋ ಹಾಗೆ. ಲಿವರ್ ಎಳೆದರು. ಕ್ಲಿಕ್. ಮತ್ತೆ ಎಳೆದರು. ಕ್ಲಿಕ್. ಮುಖದಲ್ಲಿ ಎಡ ಅರ್ಧ ನಕ್ಕಿತು.

ನಾನು ಹೇಳಿಕೊಟ್ಟೆ — ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೋಡಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾರಿಗೆ ಏನು ಹೇಳಿದೆ!

ಅತ್ತೆ ಸುಮ್ಮನೆ ಎಡಗಣ್ಣು ಮುಚ್ಚಿದರು. ಬಲಗಣ್ಣು ಕ್ಯಾಮೆರಾಗೆ ಕೊಟ್ಟರು.

"ಈ ಕಣ್ಣಿಗೆ ಮುಚ್ಚೋ ಕೆಲಸ ಬರಲ್ಲ. ನೋಡೋ ಕೆಲಸ ಕೊಡೋಣ."

ಅವರು ಆಗಲೇ ಕಿಟಕಿ ಹತ್ತಿರ ಹೋಗಿ ಫೋಕಸ್ ಉಂಗುರ ತಿರುಗಿಸ್ತಿದ್ರು. "ಇಲ್ಲಿ ಗಾಳಿನೂ ತಾಗಲ್ಲ. ಸುತ್ತ ರಬ್ಬರ್ ಇದೆಯಲ್ಲ, ಹಿತವಾಗಿದೆ."

ಐದು ನಿಮಿಷದ ಮೇಲೆ ಒಂದು ಪ್ರಶ್ನೆ. "ಕ್ಲಿಕ್ ಅಂದಾಗ ಒಂದು ಚಣ ಕತ್ತಲೆ ಆಗುತ್ತಲ್ಲ?"

"ಒಳಗೆ ಕನ್ನಡಿ ಇದೆ ಅತ್ತೆ. ಅದರಿಂದಲೇ ನಮಗೆ ಕಾಣೋದು. ಫೋಟೊ ತೆಗೆಯೋವಾಗ ಅದು ಮೇಲೆ ಏಳುತ್ತೆ, ಬೆಳಕು ಫಿಲ್ಮಿಗೆ ಹೋಗುತ್ತೆ."

"ಹಂಗಾದ್ರೆ ನಾನು ತೆಗೆದದ್ದು ಏನು ಅಂತ ನಾನು ನೋಡೇ ಇಲ್ಲ."

"...ಇಲ್ಲ."

"ಅದಕ್ಕೆ ಮುಂಚಿನದ್ದು ನೋಡಿದೆ, ಆಮೇಲಿನದ್ದು ನೋಡಿದೆ. ಮಧ್ಯದ್ದು ಅಂದಾಜು." ತಲೆ ಆಡಿಸಿದರು. "ಕತ್ತರಿಯೂ ಹಂಗೇ. ಬ್ಲೇಡು ಇರೋ ಜಾಗ ಕಾಣಲ್ಲ, ಬ್ಲೇಡೇ ಅಡ್ಡ ಇರುತ್ತೆ."

ಹತ್ತು ವರ್ಷದಿಂದ ಈ ಕ್ಯಾಮೆರಾ ಹಿಡಿದಿದ್ದೇನೆ. ಒಂದು ಸಲವೂ ಈ ಯೋಚನೆ ಬಂದಿಲ್ಲ.

ಮಾರ್ಚ್ 31, ಭಾನುವಾರ, ಸಂಜೆ 4

ಅತ್ತೆಯ ಮೊದಲ ರೋಲ್ ಇವತ್ತು ತೊಳೆದೆ. ಮೂವತ್ತಾರು ಫೋಟೊಗೆ ಹದಿನಾಲ್ಕು ದಿನ ತಗೊಂಡಿದ್ದಾರೆ. ನಾನು ಮೂವತ್ತಾರನ್ನ ಮೂರೂವರೆ ಸೆಕೆಂಡಿನಲ್ಲಿ ಮುಗಿಸ್ತೀನಿ.

ಬಚ್ಚಲಿನ ಬಾಗಿಲು ಈ ಸಲ ಬಡಿಯಲಿಲ್ಲ. ಹೊರಗೆ ಸ್ಟೂಲ್ ಹಾಕ್ಕೊಂಡು ಕೂತು, "ಆಯ್ತಾ? ಆಯ್ತಾ?"

ಮೊದಲಿನ ಎಂಟು ಮಸಕು. ಆಮೇಲೆ ಒಂದೂ ಇಲ್ಲ. ದೂರ ಹೇಗೆ ಅಂದಾಜು ಮಾಡ್ತೀರಿ ಅಂದೆ. "ಎಂಟು ಅಡಿ ಅಂದ್ರೆ ಎಂಟು ಅಡಿ, ಅದರಲ್ಲಿ ಅಂದಾಜು ಏನು ಬಂತು?" ನಾನು ಟೇಪ್ ತಂದೆ. ಸೋಫಾದಿಂದ ಬಾಗಿಲಿಗೆ ಎಷ್ಟು? "ಹನ್ನೊಂದು ಅಡಿ, ಎರಡು ಇಂಚು." ಅಳೆದೆ. ಹನ್ನೊಂದು ಅಡಿ ಎರಡೂವರೆ. "ಟೇಪ್ ಎಳೆದು ಹಿಡಿದಿಲ್ಲ ನೀನು," ಅಂದರು. ಇವರು ಬಿದ್ದು ಬಿದ್ದು ನಕ್ಕರು.

ಇನ್ನೊಂದು. ಗುರುವಾರ ಒಬ್ಬರೇ ಹೊರಗೆ ಹೋಗಿದ್ದರಂತೆ. ಬಸ್ ಸ್ಟಾಪ್ ತನಕ. ಆರು ವರ್ಷದಲ್ಲಿ ಆಸ್ಪತ್ರೆ ಬಿಟ್ಟು ಬೇರೆ ಕಡೆ ಹೋಗದವರು. ಕ್ಯಾಮೆರಾ ಎತ್ತಿ ಹಿಡಿದರೆ ಮುಖದ ಬಲಭಾಗ ಪೂರ್ತಿ ಮರೆ — ಇದನ್ನ ನಾನು ಗಮನಿಸಿದೆ. ಇವರೂ ಗಮನಿಸಿದ್ದಾರೆ. ಪಾತ್ರೆ ಒರೆಸ್ತಾ ಮೆಲ್ಲಗೆ ಅಂದರು, "ಅಮ್ಮ ಹೊರಗೆ ಹೋದ್ಳಂತೆ ಕಣೇ." ಅಷ್ಟೇ. ಆದರೆ ಒಂದೇ ತಟ್ಟೆಯನ್ನ ತುಂಬಾ ಹೊತ್ತು ಒರೆಸ್ತಿದ್ದರು.

ಏಪ್ರಿಲ್ 14, ಭಾನುವಾರ, ಮಧ್ಯಾಹ್ನ 1.30

ಇಬ್ಬರೂ ಒಟ್ಟಿಗೆ ಹೋಗಿದ್ವಿ, ಹಾರ್ಡ್‌ವೇರ್ ಅಂಗಡಿಗಳ ರಸ್ತೆಗೆ. ನನ್ನ ಕೊರಳಲ್ಲಿ ಪ್ಲಾಸ್ಟಿಕ್‌ದು, ಅವರ ಕೊರಳಲ್ಲಿ ಕಬ್ಬಿಣದ್ದು.

ಗಾಜಿನ ಅಂಗಡಿಯಿಂದ ಇಬ್ಬರು ಆಳುಗಳು ದೊಡ್ಡ ಗಾಜು ಹೊತ್ತು ರಸ್ತೆ ದಾಟೋಕೆ ಇಳಿದರು. ಆಳೆತ್ತರ, ಎಂಟು ಅಡಿ ಅಗಲ. ಬಿಸಿಲು ನೆತ್ತಿ ಹತ್ತಿರ, ಗಾಜು ಕಾಣೋದೇ ಇಲ್ಲ. ಇಬ್ಬರು ಗಂಡಸರು ಎಂಟು ಅಡಿ ದೂರ ನಿಂತು, ತೋಳು ಚಾಚಿ, ಒಬ್ಬರ ಮುಖ ಒಬ್ಬರು ನೋಡ್ತಾ, ಏಡಿ ಥರ ಪಕ್ಕಕ್ಕೆ ಹೆಜ್ಜೆ ಇಡ್ತಿದ್ದಾರೆ. ಮಧ್ಯೆ ಬರೀ ರಸ್ತೆ.

ನಾನು ಬೆರಳು ಒತ್ತಿ ಹಿಡಿದೆ. ಟರ್‌ರ್‌ರ್... ಇಪ್ಪತ್ತೆರಡು.

ಅತ್ತೆ ಒಂದು ಹೆಜ್ಜೆ ಹಿಂದೆ ಹೋದರು. ಇನ್ನೊಂದು ಅರ್ಧ ಹೆಜ್ಜೆ. ಉಸಿರು ಹಿಡಿದರು. ಕ್ಲಿಕ್. ಕ್ಯಾಮೆರಾ ಇಳಿಸಿದರು.

"ಇನ್ನೊಂದು ತೆಗೀರಿ ಅತ್ತೆ, ಇನ್ನೂ ದಾಟ್ತಿದ್ದಾರೆ."

"ಆಯ್ತು."

"ಏನು ಆಯ್ತು?"

"ಆಯ್ತು ಅಂದ್ರೆ ಆಯ್ತು ಕಣೇ."

ಮನೆಗೆ ಬಂದು ನೋಡಿದೆ. ನನ್ನ ಇಪ್ಪತ್ತೆರಡರಲ್ಲೂ ಫೋಕಸ್ ಹಿಂದಿನ ಅಂಗಡಿ ಬೋರ್ಡಿನ ಮೇಲೆ. ಯಂತ್ರಕ್ಕೆ ಮಧ್ಯೆ ಏನೂ ಕಾಣಲಿಲ್ಲ, ದಾಟಿಕೊಂಡು ಹಿಂದಕ್ಕೆ ಹೋಗಿದೆ. ಅದರ ತಪ್ಪಲ್ಲ. ನಾನೇ ಅದಕ್ಕೆ ಎಲ್ಲ ಬಿಟ್ಟುಕೊಟ್ಟಿದ್ದೆ.

ಏಪ್ರಿಲ್ 16, ಮಂಗಳವಾರ, ಸಂಜೆ 6

ಅತ್ತೆಯ ರೋಲ್, ಹತ್ತೊಂಬತ್ತನೇ ಚೌಕ.

ಹೇಗೆ ಬರೀಲಿ. ಎಡಗಡೆಯವನು ದಪ್ಪ, ಬಲಗಡೆಯವನು ಕಡ್ಡಿ. ಎಡಗಡೆಯವನ ಒಂದು ಕಾಲು ನೆಲದಿಂದ ಇನ್ನೂ ಎದ್ದಿಲ್ಲ, ಬಲಗಡೆಯವನದ್ದು ಆಗಲೇ ಊರ್ತಿದೆ. ಇಬ್ಬರ ಕಣ್ಣೂ ಒಬ್ಬರ ಮೇಲೊಬ್ಬರದು ನೆಟ್ಟಿದೆ — ಅಷ್ಟು ನಂಬಿಕೆ ನಾನು ಗಂಡ ಹೆಂಡಿರ ನಡುವೆಯೂ ಕಂಡಿಲ್ಲ. ಮಧ್ಯೆ ಖಾಲಿ. ತುಂಬಾ ಹೊತ್ತು ನೋಡಿದರೆ ಮೇಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳ್ಳಿ ಗೆರೆ. ಗಾಜು.

ಕ್ಲಬ್ಬಿಗೆ ತಗೊಂಡು ಹೋಗ್ಲಾ ಅಂತ ಕೇಳಿದೆ. "ತಗೊಂಡ್ಹೋಗು. ಅಲ್ಲಿ ಚಹಾ ಚೆನ್ನಾಗಿರುತ್ತೆ ಅಂತಿದ್ದೆಯಲ್ಲ," ಅಂದರು. ಅಷ್ಟೇ ಆಸಕ್ತಿ.

ಏಪ್ರಿಲ್ 28, ಭಾನುವಾರ, ಮಧ್ಯಾಹ್ನ 1.15

ಬರೆಯೋಕೆ ಕೈ ಬರ್ತಿಲ್ಲ. ಬರೀತೀನಿ.

ಕ್ಲಬ್ಬಿನ ತಿಂಗಳ ಸಭೆ. ಲೈಬ್ರರಿ ಮಹಡಿ ಮೇಲೆ, ಹದಿನೇಳು ಜನ. ಅಧ್ಯಕ್ಷರು — ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಎಲ್ಲರಿಗೂ ಮೇಷ್ಟ್ರೇ — ಒಂದೊಂದೇ ಪ್ರಿಂಟ್ ಎತ್ತಿ ಹಿಡೀತಾ ಬಂದರು. ನನ್ನ ಲಕೋಟೆಯಿಂದ ಪಾರಿವಾಳ ತೆಗೆದರು. "ಷಾರ್ಪ್ ಇದೆ," ಅಂದರು. ನನ್ನ ಫೋಟೊಗೆ ಅವರು ಐದು ವರ್ಷದಿಂದ ಹೇಳೋದು ಇದೊಂದೇ ಮಾತು. ಆಮೇಲೆ ಗಾಜಿನದ್ದು ತೆಗೆದರು.

ಕನ್ನಡಕ ತೆಗೆದು ಒರೆಸಿ ಹಾಕ್ಕೊಂಡರು.

"ಯಾವಾಗ ಕಲಿತ್ರಮ್ಮ ನೀವು ಇದನ್ನ?"

ಆಗ ಹೇಳಬೇಕಿತ್ತು. ಒಂದೇ ವಾಕ್ಯ. ನಮ್ಮ ಅತ್ತೆ ತೆಗೆದದ್ದು. ಮೂರು ಪದ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಚಪ್ಪಾಳೆ. ಕ್ಲಬ್ಬಿನಲ್ಲಿ ಚಪ್ಪಾಳೆ ಹೊಡೆಯೋ ಅಭ್ಯಾಸವೇ ಇಲ್ಲ. ಹಿಂದಿನ ಬೆಂಚಿನ ಬ್ಯಾಂಕ್ ಮೇಡಂ ಎದ್ದು ಬಂದು ಕೈ ಕುಲುಕಿದರು. ಜೂನ್ ಪ್ರದರ್ಶನಕ್ಕೆ ಇದೇ ಮುಖ್ಯ ಫೋಟೊ, ಆಹ್ವಾನ ಪತ್ರಿಕೆ ಮೇಲೂ ಇದೇ ಅಂತ ಮೇಷ್ಟ್ರು ಬರೆದುಕೊಂಡರು. ನನ್ನ ಹೆಸರಿನ ಮುಂದೆ.

ನಾನು ನಕ್ಕೆ. ಚಹಾ ಕುಡಿದೆ. ಬಂದೆ.

ಮನೆಯಲ್ಲಿ ಅತ್ತೆ ಕೇಳಿದ್ದು: "ಚಹಾ ಹೇಗಿತ್ತು?"

ಮೇ 9, ಗುರುವಾರ, ಎಕ್ಸ್‌ರೇ ರೂಮು

ಹನ್ನೊಂದು ದಿನ ಈ ಪುಸ್ತಕ ಬ್ಯಾಗಿನಿಂದ ಹೊರಗೆ ತೆಗೆದಿಲ್ಲ.

ಬೆಳಿಗ್ಗೆ ಒಬ್ಬರ ಎದೆಯ ಎಕ್ಸ್‌ರೇಗೆ ಬೇರೆಯವರ ಹೆಸರು ಹಾಕಿದೆ. ಕಳಿಸೋ ಮುಂಚೆ ನಾನೇ ಕಂಡುಹಿಡಿದು ಸರಿಮಾಡಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಇದೇ ತಪ್ಪನ್ನ ಕ್ಲಬ್ಬಿನಲ್ಲಿ ಬೇಕು ಬೇಕಂತಲೇ ಮಾಡಿ ಬಂದೆನಲ್ಲ.

ಮೇ 12, ಭಾನುವಾರ, ಬೆಳಿಗ್ಗೆ 8

ಹೇಳಿದೆ. ಅತ್ತೆ ಕಣ್ಣಿಗೆ ಹನಿ ಹಾಕ್ಕೊಂಡು ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು. ನನ್ನ ಮುಖ ನೋಡೋಕಾಗದ ಹೊತ್ತು ನೋಡಿಯೇ ಹೇಳಿದೆ. ಹೇಡಿ.

ಪೂರ್ತಿ ಕೇಳಿದರು. ಹನಿ ಕೆನ್ನೆ ಮೇಲೆ ಇಳೀತಿತ್ತು, ಅದು ಔಷಧಿ ಅಂತ ನನಗೆ ಗೊತ್ತು, ಆದರೂ...

"ಚಪ್ಪಾಳೆ ಹೊಡೆದ್ರಾ?"

"ಹೂಂ."

"ಹದಿನೇಳು ಜನಾನೂ?"

"ಹೂಂ ಅತ್ತೆ."

ಆಮೇಲೆ ಕಣ್ಣು ಒರೆಸಿಕೊಂಡು ಎದ್ದರು. "ನಿನ್ನ ಹೆಸರೇ ಇರಲಿ ಬಿಡು. ನನ್ನ ಹೆಸರು ಹಾಕಿದ್ರೆ ನನ್ನನ್ನ ಕರೀತಾರೆ. ನಾನು ಬರಲ್ಲ. ನಿಂಗೂ ಅನುಕೂಲ, ನಂಗೂ ಅನುಕೂಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೇ 14, ಮಂಗಳವಾರ, ಸಂಜೆ 6.30

ಅನುಕೂಲ ಅನ್ನೋ ಮಾತು ಎರಡು ದಿನ ಕಿವಿಯಲ್ಲೇ ಇತ್ತು. ಇವತ್ತು ಡ್ಯೂಟಿ ಮುಗಿಸಿ ಸೀದಾ ಮೇಷ್ಟ್ರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ, ಒಳಗೆ ಕರೆದರೂ ಹೋಗಲಿಲ್ಲ.

ಮೇಷ್ಟ್ರು ತುಂಬಾ ಹೊತ್ತು ಚಪ್ಪಲಿ ನೋಡ್ತಾ ನಿಂತರು. "ಅವತ್ತೇ ಹೇಳಬಹುದಿತ್ತಲ್ಲಮ್ಮ." ಹೌದು ಅಂದೆ. "ಈಗಲಾದರೂ ಹೇಳಿದ್ರಿ."

ಹೆಸರು ಬದಲಾಯಿಸ್ತೀನಿ ಅಂದರು. ಆದರೆ ಪ್ರದರ್ಶನದ ಮೊದಲ ದಿನ ಫೋಟೊ ತೆಗೆದವರು ಅದರ ಪಕ್ಕ ನಿಂತು ಎರಡು ಮಾತಾಡಬೇಕು. ಎಲ್ಲರಿಗೂ ಅದೇ ನಿಯಮ. ಬರ್ತಾರಾ?

ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಮೇ 19, ಭಾನುವಾರ

ಅತ್ತೆ ಮಾತು ಬಿಟ್ಟು ಐದು ದಿನ.

ಅವತ್ತು ಮೇಷ್ಟ್ರ ಮನೆಯಿಂದ ಬಂದು ಹೇಳಿದ ಕೂಡಲೇ ಒಂದೇ ಮಾತು ಅಂದರು: "ನಾನು ಬೇಡ ಅಂದಿದ್ದೆ." ಕಬ್ಬಿಣದ್ದನ್ನ ತಂದು ನನ್ನ ಮೇಜಿನ ಮೇಲಿಟ್ಟರು. ಪಟ್ಟಿ ಸುತ್ತಿ, ಮುಚ್ಚಳ ಹಾಕಿ. ಒಳಗೆ ಅರ್ಧ ರೋಲ್ ಇನ್ನೂ ಇದೆ.

ಇವರು ನಡುವೆ ಓಡಾಡ್ತಿದ್ದಾರೆ. "ಅಮ್ಮ ಉಪ್ಪು ಕೇಳಿದ್ಳು." "ಅವಳು ಚಟ್ನಿ ಮಾಡ್ಲಾ ಅಂತ ಕೇಳ್ತಿದ್ದಾಳೆ." ಕೆಟ್ಟ ಲಿಫ್ಟಿನ ಥರ ಒಂದೊಂದು ಮಹಡಿಗೂ ನಿಂತು ನಿಂತು.

ನಾನು ಮಾಡಿದ್ದು ಸರಿಯಾ? ಸತ್ಯ ಹೇಳಿದೆ, ಸರಿ. ಆದರೆ ಯಾರಿಗೋಸ್ಕರ? ಅವರ ಹೆಸರು ಅವರಿಗೆ ಸಿಗಲಿ ಅಂತಲಾ, ನನ್ನ ಎದೆ ಹಗುರ ಆಗಲಿ ಅಂತಲಾ? ಅವರು ಬೇಡ ಅಂದದ್ದನ್ನ ದಾಟಿಕೊಂಡು ಹೋದೆ. ಒಂದು ಸಲ ಕೇಳದೆ ತಗೊಂಡೆ, ಇನ್ನೊಂದು ಸಲ ಕೇಳದೆ ಕೊಟ್ಟೆ.

ಮೇ 31, ಶುಕ್ರವಾರ, ಸಂಜೆ 7

ಮಾತಾಡಿದರು!!

ಭಾನುವಾರದ ಪ್ರದರ್ಶನದ ಆಹ್ವಾನ ಪತ್ರಿಕೆ ಬಂದಿತ್ತು. ಡಬ್ಬಿ ತೊಳೆಯೋಕೆ ಹೋಗುವಾಗ ಊಟದ ಮೇಜಿನ ಮೇಲೆ ಬಿಟ್ಟಿದ್ದೆ. ಹಿಂದಿನಿಂದ ಕೇಳಿಸ್ತು:

"ಯಾರು ಕತ್ತರಿಸಿದ್ದು ಇದನ್ನ?"

ಹದಿನೇಳು ದಿನದ ಮೇಲೆ ಮೊದಲ ಮಾತು. ಕೈಯಲ್ಲಿದ್ದ ಡಬ್ಬಿ ಜಾರಿತು. ಪತ್ರಿಕೆ ಮೇಲೆ ಅವರದ್ದೇ ಹೆಸರು, ದಪ್ಪ ಅಕ್ಷರದಲ್ಲಿ. ಅದನ್ನ ನೋಡಲೇ ಇಲ್ಲ. ಬೆರಳು ಫೋಟೊ ಮೇಲೆ. ನಾನೂ ಆಗಲೇ ಸರಿಯಾಗಿ ನೋಡಿದ್ದು. ಬಲಗಡೆಯ ಕಡ್ಡಿ ಮನುಷ್ಯ ಇಲ್ಲ. ಮಧ್ಯದ ಜಾಗ ಇಲ್ಲ. ಬರೀ ದಪ್ಪನೆಯವನು, ಕೈ ಚಾಚಿ, ಯಾರನ್ನೋ ತಬ್ಬಿಕೊಳ್ಳೋಕೆ ಹೊರಟ ಹಾಗೆ.

"ಇವನು ಏನು ಹಿಡ್ಕೊಂಡಿದ್ದಾನೆ ಹೇಳು? ಏನು ಹಿಡ್ಕೊಂಡಿದ್ದಾನೆ? ಗಾಜೆಲ್ಲಿ ನಂದು?"

"ಮೇಷ್ಟ್ರು ಕಾರ್ಡಿಗೆ ಹೊಂದಲಿ ಅಂತ..."

"ಗೋಡೆ ಮೇಲೆ ಹಾಕೋದೂ ಹಿಂಗೇನಾ?"

ಫೋನ್ ಮಾಡಿದೆ. ಹೌದಂತೆ. ಆಳೆತ್ತರ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿ ಆಗಿದೆಯಂತೆ.

ಅತ್ತೆ ಒಳಗೆ ಹೋದರು. ಕಬ್ಬಿಣದ ಪೆಟ್ಟಿಗೆ ಎಳೆದ ಸದ್ದು. ಸ್ಟೀಲ್ ಸ್ಕೇಲು, ಟೇಪು, ಕಟಿಂಗ್ ಚಾಕು ಚೀಲಕ್ಕೆ ಹಾಕ್ಕೊಂಡರು.

"ನಾಳೆ ಎಷ್ಟು ಹೊತ್ತಿಗೆ ತೆಗೀತಾರೆ ಅದು, ನಿನ್ನ ಪ್ರದರ್ಶನದ ಹಾಲು?"

ಜೂನ್ 1, ಶನಿವಾರ, ಸಂಜೆ 5

ಮರೆಯೋ ಮುಂಚೆ ಬರೀಬೇಕು. ಒಂದೂ ಬಿಡಬಾರದು.

ರಜೆ ಹಾಕಿದೆ. ಹತ್ತು ಗಂಟೆಗೆ ಹಾಲಿನಲ್ಲಿ ಏಣಿ, ಮೊಳೆ, ಹತ್ತು ಹನ್ನೆರಡು ಜನ. ಅತ್ತೆ ಬಾಗಿಲಿನಿಂದ ಸೀದಾ ತಮ್ಮ ಫೋಟೊ ಹತ್ತಿರ ಹೋದರು. ಯಾರನ್ನೂ ನೋಡಲಿಲ್ಲ. ಕ್ಯಾಮೆರಾ ತಂದಿರಲಿಲ್ಲ. ಮುಖಕ್ಕೆ ಕೈ ಅಡ್ಡ ಇಡಲಿಲ್ಲ.

"ಇದನ್ನ ಕತ್ತರಿಸಿದ್ದು ಯಾರು?"

ಮೇಷ್ಟ್ರು ಬಂದರು. ಮೆತ್ತಗೆ ಹೇಳಿದರು, "ನಾನೇ ಅಮ್ಮ. ಆ ಮುಖದ ಭಾವ ತುಂಬಾ ಬಲವಾಗಿದೆ. ಮಧ್ಯೆ ಅಷ್ಟು ಜಾಗ ಖಾಲಿ ಬಿದ್ದಿತ್ತು, ಕಣ್ಣು ಚೆದುರುತ್ತೆ ಅಂತ —"

"ಖಾಲಿ ಅಲ್ಲ. ಅದು ಗಾಜು."

"ಕಾಣೋದಿಲ್ಲವಲ್ಲ ಅಮ್ಮ."

"ನೀವು ಅಂಗಿ ಹಾಕಿದ್ದೀರಲ್ಲ, ಕಂಕುಳ ಹತ್ತಿರ ಎರಡು ಇಂಚು ಬಟ್ಟೆ ಹೆಚ್ಚು ಬಿಟ್ಟಿರ್ತೀವಿ. ನಿಂತಾಗ ಅದು ಕಾಣಲ್ಲ. ಖಾಲಿ ಅಂತ ಕತ್ತರಿಸಿದ್ರೆ ಕೈ ಎತ್ತೋಕಾಗುತ್ತಾ? ಎತ್ತಿ ನೋಡಿ."

ಮೇಷ್ಟ್ರು ನಿಜವಾಗಲೂ ಕೈ ಎತ್ತಿದರು. ಏಣಿ ಮೇಲಿದ್ದವನೂ ಎತ್ತಿದ. ನಗು ಎದ್ದಿತು — ಮೇಷ್ಟ್ರೂ ನಕ್ಕರು. ಅತ್ತೆ ನಗಲಿಲ್ಲ. ಬಾಯಿ ಎಡಕ್ಕೆ ಎಳೀತಿತ್ತು, ಒಂದೆರಡು ಅಕ್ಷರ ಜಾರ್ತಿದ್ದವು, ಆದರೆ ಹಾಲಿನಲ್ಲಿ ಬೇರೆ ಸದ್ದೇ ಇರಲಿಲ್ಲ.

"ಇವನು ಅವನನ್ನ ನೋಡ್ತಿದ್ದಾನೆ. ಅವನು ಇವನನ್ನ ನೋಡ್ತಿದ್ದಾನೆ. ಒಬ್ಬ ತಪ್ಪಿದ್ರೆ ಇಬ್ಬರ ಕೈಯೂ ಹೋಗುತ್ತೆ. ಅದಕ್ಕೇ ಆ ಮುಖ ಹಂಗಿರೋದು. ಅವನನ್ನ ತೆಗೆದು ಇವನ ಮುಖ ಇಟ್ಕೊಂಡ್ರೆ ಏನು ಬಂತು?"

ಮೇಷ್ಟ್ರು ಫೋಟೊ ನೋಡಿದರು. ನಾನು ತಂದಿದ್ದ ಹಳೇ ಪ್ರಿಂಟ್, ಪುಸ್ತಕದಷ್ಟು ದೊಡ್ಡದು, ಅದನ್ನ ನೋಡಿದರು. ತಿರುಗಿ ಆ ಕಡೆ, ಈ ಕಡೆ. "ನಲವತ್ತು ವರ್ಷ ಮಕ್ಕಳಿಗೆ ನೋಡೋದು ಹೇಳಿಕೊಟ್ಟೆ," ಅಂದರು. "ಇದು ನನಗೆ ಕಾಣಲಿಲ್ಲ. ತಪ್ಪಾಯ್ತು ಅಮ್ಮ."

ಮೇಷ್ಟ್ರ ಮೇಲಿದ್ದ ಮುನಿಸೆಲ್ಲ ಅಲ್ಲೇ ಕರಗಿತು. ಹನ್ನೆರಡು ಜನರ ಮುಂದೆ ಅಷ್ಟು ಸಲೀಸಾಗಿ ತಪ್ಪಾಯ್ತು ಅನ್ನೋದು... ನನಗೆ ಬರಲ್ಲ ಅದು.

ಹೊಸದು ಮಾಡಿಸೋಕೆ ಹೊತ್ತಿಲ್ಲ. ಚಿಕ್ಕ ಪ್ರಿಂಟೇ ಹಾಕೋಣ, ಸುತ್ತ ಅಗಲವಾಗಿ ಬಿಳಿ ರಟ್ಟು ಕೊಡೋಣ ಅಂತ ಅತ್ತೆಯೇ ಹೇಳಿದರು. ರಟ್ಟು ಕತ್ತರಿಸೋ ಹುಡುಗಿ ಸ್ಟುಡಿಯೋದಿಂದ ಮಧ್ಯಾಹ್ನದ ಮೇಲೆ ಬರ್ತಾಳಂತೆ. "ಅವಳು ಯಾಕೆ?" ಅಂದರು ಅತ್ತೆ.

ಮೇಜು ಖಾಲಿ ಮಾಡಿಸಿದರು. ರಟ್ಟು ಹಾಸಿದರು. ಅಳೆದು ನಾಲ್ಕು ಚುಕ್ಕೆ ಇಟ್ಟರು. ಸ್ಕೇಲಿಗೆ ಎಡಗೈ ಊರಿ, ಚಾಕು ಇಟ್ಟು — ಒಂದೇ ಎಳೆತ. ತಿರುಗಿಸಿ ಇನ್ನೊಂದು. ನಿಲ್ಲಿಸಿಲ್ಲ, ಮತ್ತೆ ಹಾಯಿಸಿಲ್ಲ. ನಾಲ್ಕನೇ ಎಳೆತ ಮುಗಿದಾಗ ಮಧ್ಯದ ಚೌಕ ತಾನೇ ಕಳಚಿ ಮೇಜಿಗೆ ಬಿತ್ತು. ಮೂಲೆಗಳಲ್ಲಿ ಒಂದು ಎಳೆಯೂ ಎದ್ದಿಲ್ಲ. ಅವರ ಕೆಲಸ ಹೀಗೆ ಇರುತ್ತಿತ್ತು ಅಂತ ಹದಿನೈದು ವರ್ಷ ಕೇಳಿದ್ದೆ. ನೋಡಿದ್ದು ಇವತ್ತು.

ತಲೆ ಎತ್ತಿದರು. ಎಲ್ಲರೂ ಸುತ್ತ ನಿಂತಿದ್ದಾರೆ. ಎಲ್ಲರ ಕಣ್ಣೂ ಅವರ ಮೇಲೆ, ಹಗಲು ಬೆಳಕು ಪೂರ್ತಿ ಬಲಗೆನ್ನೆ ಮೇಲೆ. ಅವರಿಗೂ ಆಗ ಗೊತ್ತಾಯ್ತು. ಕೈ ಕೆನ್ನೆ ಕಡೆ ಎದ್ದಿತು. ಅರ್ಧದಲ್ಲಿ ನಿಂತಿತು. ಆ ಕೈಯಿಂದಲೇ ರಟ್ಟಿನ ಮೇಲಿದ್ದ ಧೂಳು ಒರೆಸಿದರು.

"ಅಂಟು ಎಲ್ಲಿ?" ಅಂದರು.

ಜೂನ್ 2, ಭಾನುವಾರ, ಮಧ್ಯಾಹ್ನ 3

ಪ್ರದರ್ಶನ ಶುರುವಾಯ್ತು. ನಾನೇ ಮೊದಲು ಮಾತಾಡಿದೆ. ಬರೆದುಕೊಂಡು ಹೋದ ಚೀಟಿ ಬ್ಯಾಗಿನಲ್ಲೇ ಉಳೀತು. "ಏಪ್ರಿಲ್ ಸಭೆಯಲ್ಲಿ ಇದು ನನ್ನದು ಅಂತ ನೀವೆಲ್ಲ ಅಂದ್ಕೊಂಡ್ರಿ. ನಾನು ಸುಮ್ಮನಿದ್ದೆ. ಬೇಕಂತಲೇ ಸುಮ್ಮನಿದ್ದೆ. ತೆಗೆದದ್ದು ನಮ್ಮ ಅತ್ತೆ." ಬ್ಯಾಂಕ್ ಮೇಡಂ ನೆಲ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಸದ್ಯಕ್ಕೆ ಅನ್ನೋದೂ ಬೇಡ. ಎಷ್ಟು ದಿನ ಬೇಕೋ ಅಷ್ಟು ದಿನ ತಗೊಳ್ಳಲಿ.

ಅತ್ತೆ ಎರಡೇ ಮಾತಾಡಿದರು. "ಇದರಲ್ಲಿ ನಂದು ಹೆಚ್ಚಿಲ್ಲ. ಹೊತ್ತದ್ದು ಅವರು." ಬಾಗಿಲ ಹತ್ತಿರ ತೋರಿಸಿದರು. ದಪ್ಪನೆಯವನೂ ಕಡ್ಡಿಯೂ ನಿಂತಿದ್ದರು, ತೊಳೆದ ಅಂಗಿ ಹಾಕ್ಕೊಂಡು! ಯಾವಾಗಲೋ ಗಾಜಿನ ಅಂಗಡಿಗೆ ಹೋಗಿ ಕರೆದು ಬಂದಿದ್ದಾರೆ, ನಮಗ್ಯಾರಿಗೂ ಗೊತ್ತಿಲ್ಲ.

ಕಡ್ಡಿಯವನು ಫೋಟೊ ಹತ್ತಿರ ಹೋಗಿ ಬಗ್ಗಿದ. "ಅಣ್ಣಾ, ಇದು ಆ ಬಟ್ಟೆ ಅಂಗಡೀ ಗಾಜು ಅಲ್ವಾ? ಅದು ಹೋಯ್ತು ಅಮ್ಮ. ಅವತ್ತೇ, ಕೂರಿಸೋವಾಗ ಬಿರುಕು ಬಿಡ್ತು."

"ಇಲ್ಲಿ ಇನ್ನೂ ಸರಿಯಾಗಿದೆ ನೋಡು," ಅಂದ ದಪ್ಪನೆಯವನು.

ಪತ್ರಿಕೆಯವರು ಒಬ್ಬರು ಬಂದು, ಅಮ್ಮ, ಫೋಟೊ ಪಕ್ಕ ನಿಲ್ಲಿ, ಒಂದು ತಗೋತೀನಿ ಅಂದರು. ಅತ್ತೆ ಮುಖ ತಿರುಗಿಸಲಿಲ್ಲ, ಅವರನ್ನೇ ನೇರ ನೋಡಿ ಹೇಳಿದರು. "ಬೇಡಪ್ಪ. ನಂಗಿಷ್ಟ ಇಲ್ಲ." ಅಷ್ಟೇ. ಆತ ಸರಿ ಅಂದ. ಮಾತು ಮುಗೀತು. ಎಷ್ಟು ಸುಲಭ ಅದು, ಹಾಗೆ ಹೇಳಿದರೆ!

ಇವರು ಮೂಲೆಯಲ್ಲಿ ನಿಂತು ಹೋದವರಿಗೆ ಬಂದವರಿಗೆಲ್ಲ ಹೇಳ್ತಿದ್ದರು: "ಅದು ನಮ್ಮಮ್ಮ ತೆಗೆದದ್ದು." ನಾನು ಲೆಕ್ಕ ಬಿಟ್ಟೆ.

ಜೂನ್ 9, ಭಾನುವಾರ, ಬೆಳಿಗ್ಗೆ 5.50

ಗಾಜಿನ ಅಂಗಡಿಯವರು ಇವತ್ತು ಹೊಸ ಕಟ್ಟಡದ ಐದನೇ ಮಹಡಿಗೆ ಗಾಜು ಏರಿಸ್ತಾರಂತೆ, ಹಗ್ಗ ಕಟ್ಟಿ. ಅಮ್ಮ ಬರಬೇಕು ಅಂತ ಹೇಳಿಕಳಿಸಿದ್ದಾರೆ. ಅಮ್ಮ ಅಂದ್ರೆ ಅತ್ತೆ. ನನ್ನನ್ನ ಕರೆದಿಲ್ಲ, ಚೀಲ ಹೊರೋಕೆ ಹೋಗ್ತಿದ್ದೇನೆ.

ಹಳೇ ಅರ್ಧ ರೋಲ್ ಅತ್ತೆ ಈ ವಾರ ಮುಗಿಸಿದರು, ನಿನ್ನೆ ಸಂಜೆ ಹೊಸದು ಹಾಕಿ ಕೊಟ್ಟೆ. ಫಿಲ್ಮ್ ಡಬ್ಬಿ ಮೇಲೆ ಯಾರ ಹೆಸರು ಬರೀಲಿ ಅತ್ತೆ, ಅಂದೆ. ನಗಬಹುದು ಅಂದ್ಕೊಂಡೆ. ನಗಲಿಲ್ಲ, ಯೋಚನೆ ಮಾಡಿದರು.

"ಇಬ್ಬರದೂ ಬರಿ. ಇಪ್ಪತ್ತನಾಲ್ಕು ನಂದು. ಕೊನೆಯ ಹನ್ನೆರಡು ನಿಂದು."

"ನನಗ್ಯಾಕೆ ಅತ್ತೆ, ನನ್ನ ಹತ್ರ ಇನ್ನೊಂದಿದೆಯಲ್ಲ."

"ಅದೂ ತಗೋ. ಒಳಗೆ ಬೆಳಕು ಕಮ್ಮಿ ಇರುತ್ತೆ, ಅಲ್ಲಿ ನಿನ್ನ ಪ್ಲಾಸ್ಟಿಕ್‌ದೇ ಸರಿ. ಆದ್ರೆ ಹಗ್ಗ ಮೇಲೆ ಹೋಗೋವಾಗ ಇದರಲ್ಲಿ ತೆಗಿ. ಹನ್ನೆರಡರಲ್ಲಿ ಒಂದಾದ್ರೂ ಬರುತ್ತೆ ನಿಂಗೆ. ನಾನು ಹಿಂದೆ ನಿಂತಿರ್ತೀನಿ."

ನಾನು ಅವರಿಂದ ತಗೊಂಡದ್ದಕ್ಕೆ ಅವರು ನನಗೆ —

ಅತ್ತೆ ಆಗಲೇ ಕೆಳಗೆ ಹೋಗಿಬಿಟ್ಟಿದ್ದಾರೆ. ಬೀದಿಯಿಂದ ಕೂಗ್ತಿದ್ದಾರೆ, ಅಕ್ಕಪಕ್ಕದವರೆಲ್ಲ ಏಳೋ ಹಾಗೆ. ಇವರೂ ಚಪ್ಪಲಿ ಹುಡುಕ್ತಿದ್ದಾರೆ. ಬಂದೆ ಅತ್ತೆ, ಬ್ಯಾಟರಿ ಒಂದು ಹಾಕ್ಕೊಂಡು —